ಏರಿ ಹೋಟೆಲಿನ ಹಿಂದಿನ ಜಗುಲಿ

ಸುದ್ದಿಯ ಮುಖ್ಯ ಸಂಗತಿ ಮೊದಲ ಸಾಲುಗಳಲ್ಲೇ ಬರಬೇಕು ಎಂದು ನನಗೆ ಕಲಿಸಿದವರು ಬೆಂಗಳೂರಿನ ಕಚೇರಿಯಲ್ಲಿ ಹಿರಿಯ ಉಪಸಂಪಾದಕರಾಗಿದ್ದ ರಾಯರು. ಇಲ್ಲಿಯೂ ಆ ಕ್ರಮವನ್ನೇ ಅನುಸರಿಸುತ್ತೇನೆ. ತರೀಕೆರೆಯ ಕೆರೆ ಏರಿಯ ಮೇಲಿದ್ದ ಹೋಟೆಲು ಅರವತ್ತರ ದಶಕದ ಆರಂಭದಲ್ಲಿ ಒಂದು ಬೆಳಿಗ್ಗೆ ಮುಚ್ಚಿತು. ಆ ದಿನ ಅಲ್ಲಿ ಉಪ್ಪಿಟ್ಟು ತಿಂದ ಹೆಂಗಸೊಬ್ಬಳು ಸತ್ತಳು. ಅಲ್ಲಿ ಅಡುಗೆ ಮಾಡುತ್ತಿದ್ದ ಗೌರಮ್ಮನವರಿಗೆ ಅದಕ್ಕೆ ಕೆಲವು ವರ್ಷ ಮೊದಲೇ ವಾಸನೆ ತಿಳಿಯುವುದು ನಿಂತುಹೋಗಿತ್ತು. ಈ ವಿಷಯ ಇಡೀ ಊರಿನಲ್ಲಿ ಒಬ್ಬರಿಗೆ ಮಾತ್ರ ಗೊತ್ತಿತ್ತು.

ಪತ್ರಿಕೆಯ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರು ನನ್ನ ಬಳಿ ಬಂದಾಗ ಮಂತ್ರಿಗಳ ಪ್ರವಾಸದ ಬಗ್ಗೆ, ಚುನಾವಣೆಗಳ ಬಗ್ಗೆ ಕೇಳುತ್ತಾರೆ. ಅವು ಪತ್ರಿಕೆಯ ಹಳೆಯ ಸಂಚಿಕೆಗಳಲ್ಲಿವೆ, ಹೋಗಿ ಓದಬಹುದು. ಸಂಚಿಕೆಗಳಲ್ಲಿ ಇಲ್ಲದ್ದನ್ನು ಹೇಳುವುದು ನನಗೆ ಹೆಚ್ಚು ಉಪಯುಕ್ತವೆನಿಸುತ್ತದೆ. ಏರಿ ಹೋಟೆಲಿನ ಸುದ್ದಿ ಅಚ್ಚಾದದ್ದು ಎಂಟು ಸಾಲು. ಉಳಿದದ್ದು ಇಲ್ಲಿದೆ.

ನಾನು ಅಜ್ಜಂಪುರದವನು. ಐವತ್ತರ ದಶಕದಲ್ಲಿ ಕಡೂರು, ತರೀಕೆರೆ, ಅಜ್ಜಂಪುರ ಈ ಮೂರೂ ಕಡೆಯ ಸುದ್ದಿ ಕಳಿಸುವುದು ನನ್ನ ಪಾಲಿಗೆ ಬಂತು. ಆಗ ಸುದ್ದಿ ಹೋಗುತ್ತಿದ್ದದ್ದು ಎರಡು ದಾರಿಯಲ್ಲಿ. ಅವಸರವಿಲ್ಲದ್ದನ್ನು ಲಕೋಟೆಯಲ್ಲಿ ಹಾಕಿ ಟಪಾಲಿಗೆ ಕೊಡುತ್ತಿದ್ದೆವು. ಅವಸರದ್ದನ್ನು ಇಂಗ್ಲಿಷಿನಲ್ಲಿ ಆದಷ್ಟು ಕಡಿಮೆ ಪದಗಳಲ್ಲಿ ಬರೆದು ತರೀಕೆರೆ ಅಂಚೆ ಕಚೇರಿಯ ತಂತಿ ಗುಮಾಸ್ತರಿಗೆ ಕೊಡಬೇಕಿತ್ತು. ಆ ಗುಮಾಸ್ತರ ಹೆಸರು ರಂಗಪ್ಪ. ಊರಿನವರಿಗೆ ತಂತಿ ರಂಗಪ್ಪ. ನಾನು ಬರೆದದ್ದನ್ನು ಒಮ್ಮೆ ಓದಿ, ಮುಖದಲ್ಲಿ ಏನೂ ತೋರಿಸದೆ ಮೇಜಿನ ಮೇಲಿನ ತಂತಿ ಯಂತ್ರದ ಕೀಲಿಯನ್ನು ಟಕಟಕ ಬಡಿಯುತ್ತಿದ್ದರು. ಮುಂದೆ ಟ್ರಂಕ್ ಕಾಲ್ ಬಂತು. ಫೋನಿನಲ್ಲಿ ಕೂಗಿ ಹೇಳುವಾಗ ಎದುರಿಗೆ ಯಾರೂ ಇರುವುದಿಲ್ಲ. ತಂತಿಯ ಕಾಲದಲ್ಲಿ ನಮ್ಮ ಸುದ್ದಿಯನ್ನು ಮೊದಲು ಓದುವವನು ಆ ಊರಿನವನೇ ಆಗಿರುತ್ತಿದ್ದ, ನಮ್ಮ ಎದುರಿಗೇ ಕೂತಿರುತ್ತಿದ್ದ. ವ್ಯತ್ಯಾಸ ದೊಡ್ಡದು.

ತರೀಕೆರೆಗೆ ಹೋದಾಗ ನಾವು ಕೂರುತ್ತಿದ್ದದ್ದು ಏರಿ ಹೋಟೆಲಿನಲ್ಲಿ. ಹಂಚಿನ ಮಾಡು, ಮುಂದೆ ರಸ್ತೆ, ಹಿಂದೆ ಕೆರೆ. ಹಿಂದಿನ ಜಗುಲಿಯನ್ನು ಕಲ್ಲಿನ ಕಂಬ ಕೊಟ್ಟು ನೀರಿನ ಮೇಲಕ್ಕೆ ಚಾಚಿದ್ದರು. ಅಲ್ಲಿ ಕೂತರೆ ಕಾಲ ಕೆಳಗೇ ನೀರು. ಬೇಸಿಗೆಯಲ್ಲಿಯೂ ತಂಪು ಗಾಳಿ ಬರುತ್ತಿತ್ತು. ಮಾಲೀಕ ಶಾಮಣ್ಣ, ಅವರ ಹೆಂಡತಿ ಗೌರಮ್ಮ. ಮಕ್ಕಳಿರಲಿಲ್ಲ. ಹೋಟೆಲಿನ ಹಿಂದಿನ ಒಂದು ಕೋಣೆಯೇ ಮನೆ. ಅವರ ಖಾಲಿ ದೋಸೆ ಮತ್ತು ಉಪ್ಪಿಟ್ಟಿಗಾಗಿ ಕೆಮ್ಮಣ್ಣುಗುಂಡಿಗೆ ಹೋಗುವ ಕಾರುಗಳು ನಿಲ್ಲುತ್ತಿದ್ದವು. ಕಡೂರು ಕಡೆಯ ರೈತರು ತರೀಕೆರೆಯಲ್ಲಿ ಕೆಲಸವಿದ್ದರೆ ಮನೆಯಲ್ಲಿ ತಿನ್ನದೆ ಹೊರಡುತ್ತಿದ್ದರು.

ಆ ಅಡುಗೆಮನೆಗೆ ಒಂದು ಕಟ್ಟುಪಾಡು ಇತ್ತು. ಗೌರಮ್ಮ ಮಡಿಯಲ್ಲಿ ಅಡುಗೆ ಮಾಡುವವರು. ದೇವರ ನೈವೇದ್ಯಕ್ಕೆ ಮೊದಲು ಬಾಯಿಗೆ ಹಾಕಿ ರುಚಿ ನೋಡುವುದು ಅವರಲ್ಲಿ ಇರಲಿಲ್ಲ. ಉಪ್ಪು, ಹುಳಿ, ಹದ ಎಲ್ಲವನ್ನೂ ಅವರು ಮೂಗಿನಿಂದಲೇ ತಿಳಿಯುತ್ತಿದ್ದರು. ರವೆ ಹುರಿಯುವಾಗ ಬಾಣಲೆಯ ಮೇಲೆ ಸ್ವಲ್ಪ ಬಾಗಿ, ಒಂದು ಉಸಿರು ಎಳೆದು, "ಆಯ್ತು" ಎನ್ನುವರು. ದೇವರಿಗೆ ಇಟ್ಟ ಮೇಲೆ ಮೊದಲ ತಟ್ಟೆ ತಂತಿ ರಂಗಪ್ಪನವರಿಗೆ. ಹೆಂಡತಿ ತೀರಿಕೊಂಡ ಮೇಲೆ ಅವರು ಬೆಳಗಿನ ತಿಂಡಿ ಅಲ್ಲೇ ತಿನ್ನುತ್ತಿದ್ದರು. ಒಂದು ತುತ್ತು ತಿಂದು "ಸರಿ ಇದೆ ಗೌರಮ್ಮ" ಎಂದ ಮೇಲೆ ಉಳಿದವರಿಗೆ ಬಡಿಸುವುದು ರೂಢಿ. ಶಾಮಣ್ಣನಿಗೆ ಹೊಟ್ಟೆಹುಣ್ಣು. ವೈದ್ಯರು ಹೇಳಿದಂತೆ ಮಜ್ಜಿಗೆ ಅನ್ನ ಬಿಟ್ಟು ಬೇರೇನನ್ನೂ ಮುಟ್ಟುತ್ತಿರಲಿಲ್ಲ. ಮೂಗಿನಲ್ಲಿ ಯಾವಾಗಲೂ ನಶ್ಯ. ತಮ್ಮ ಹೋಟೆಲಿನ ತಿಂಡಿಯ ರುಚಿ ಅವರಿಗೆ ಗಿರಾಕಿಗಳ ಮುಖದಿಂದ ಮಾತ್ರ ಗೊತ್ತಾಗುತ್ತಿತ್ತು.

ಒಳ್ಳೆಯ ದಿನಗಳ ಒಂದು ಪ್ರಸಂಗ ಹೇಳಬೇಕು. ಕಡೂರಿನಲ್ಲಿ ಇನ್ನೊಂದು ಪತ್ರಿಕೆಗೆ ಬರೆಯುತ್ತಿದ್ದ ಹಾಲಪ್ಪ ಎಂಬುವರಿದ್ದರು. ದನ ಮೇಯುವ ಎಮ್ಮೆದೊಡ್ಡಿ ಕಾವಲಿನಲ್ಲಿ ಅಮೃತಮಹಲ್ ಹೋರಿ ತಿವಿದು ದನ ಕಾಯುವ ಕರಿಯಪ್ಪ ಎಂಬುವನು ಸತ್ತನೆಂದು ಬಸ್ ನಿಲ್ದಾಣದಲ್ಲಿ ಯಾರೋ ಹೇಳಿದ್ದನ್ನು ಕೇಳಿ ಅವರು ಸುದ್ದಿ ಕಳಿಸಿಬಿಟ್ಟರು. ಅದು ಅಚ್ಚೂ ಆಯಿತು. ಮುಂದಿನ ವಾರ ನಾವಿಬ್ಬರೂ ಜಗುಲಿಯಲ್ಲಿ ಕೂತಿದ್ದಾಗ ತೊಡೆಗೆ ಬಟ್ಟೆ ಸುತ್ತಿಕೊಂಡ ಒಬ್ಬ ಕುಂಟುತ್ತಾ ಒಳಗೆ ಬಂದ.

"ಇಲ್ಲಿ ಪೇಪರ್‌ನೋರು ಯಾರ್ರೀ?"

ಹಾಲಪ್ಪ ತಲೆ ಎತ್ತಿದರು. "ನಾನು. ಏನಾಗ್ಬೇಕಿತ್ತು?"

"ಏನೂ ಇಲ್ಲ. ನಾನ್ ಕರಿಯಪ್ಪ. ನನ್ ತಿಥಿ ಯಾವತ್ತು ಅಂತ ಕೇಳ್ಕೊಂಡ್ ಹೋಗಾನ ಅಂತ ಬಂದೆ."

ಶಾಮಣ್ಣ ಗಲ್ಲಾಪೆಟ್ಟಿಗೆಯ ಹಿಂದಿನಿಂದ ಕೂಗಿದರು: "ಏ, ಅವ್ನಿಗೆ ಎರಡು ಖಾಲಿ ದೋಸೆ ಕೊಡ್ರಪ್ಪಾ! ಸತ್ತೋರಿಗೆ ನಮ್ ಹೋಟ್ಲಲ್ಲಿ ಬಿಟ್ಟಿ!"

ಕರಿಯಪ್ಪ ನಾಲ್ಕು ತಿಂದ. ಹಾಲಪ್ಪ ಎದ್ದು ಹೊರಗೆ ಹೋದರು. ಈ ಕಥೆ ಬೆಂಗಳೂರಿಗೆ ಮುಟ್ಟಿದಾಗ ರಾಯರು ನನಗೊಂದು ಕಾರ್ಡು ಬರೆದರು. ಸತ್ತವರ ಸುದ್ದಿಯಿದ್ದರೆ ಹೆಣವನ್ನು ಕಣ್ಣಾರೆ ನೋಡಿ ಬರೆಯತಕ್ಕದ್ದು ಎಂದು ಅದರಲ್ಲಿತ್ತು. ಅಂದಿನಿಂದ ನಾನು ಅದನ್ನು ಪಾಲಿಸಿದೆ.

ನಡುವೆ ಒಂದು ವರ್ಷ ಊರೂರಲ್ಲಿ ಫ್ಲೂ ಜ್ವರ ಬಂತು. ಗೌರಮ್ಮನೂ ಹಲವು ದಿನ ಮಲಗಿದರು. ಹೋಟೆಲು ಬಾಗಿಲು ಹಾಕಿ ಮತ್ತೆ ತೆರೆಯಿತು. ಬದಲಾವಣೆ ಒಂದೇ ದಿನದಲ್ಲಿ ಆಗಲಿಲ್ಲ. ಮೊದಲು ಚಟ್ನಿ ಹುಳಿ ಬಂದದ್ದು ಗೊತ್ತಾಯಿತು. ಒಂದು ದಿನದ ಮಾತು ಎಂದುಕೊಂಡೆ. ಮುಂದಿನ ಸಲ ಉಪ್ಪಿಟ್ಟಿನ ರವೆ ಸೀದಿತ್ತು. ಮತ್ತೊಮ್ಮೆ ಹಾಲು ತಳ ಹತ್ತಿದ ಕಾಫಿ ಬಂತು. ಒಂದು ಮಳೆಗಾಲ ಕಳೆಯುವ ಹೊತ್ತಿಗೆ ಒಗ್ಗರಣೆಯ ಎಣ್ಣೆ ಕಮಟು ಹೊಡೆಯುತ್ತಿತ್ತು. ಕೆಮ್ಮಣ್ಣುಗುಂಡಿಯ ಕಾರುಗಳು ನಿಲ್ಲದೆ ಹೋಗಲಾರಂಭಿಸಿದವು. ಆದರೆ ಊರಿನ ಗಿರಾಕಿಗಳು ತಪ್ಪಲಿಲ್ಲ. ಮೇಷ್ಟರು, ವಕೀಲರು, ಮಿಲ್ಲಿನ ಗುಮಾಸ್ತರು ಎಲ್ಲರೂ ಎಂದಿನಂತೆ ಬಂದರು. ಗೌರಮ್ಮನ ಕೈಯ ತಿಂಡಿಯನ್ನು ಇಪ್ಪತ್ತು ವರ್ಷ ತಿಂದವರು ಅವರು. ಒಂದು ವ್ಯತ್ಯಾಸ ಮಾತ್ರ ನನ್ನ ಕಣ್ಣಿಗೆ ಬಿತ್ತು. ಮೊದಲು ರಸ್ತೆ ಕಡೆಯ ಬೆಂಚಿನಲ್ಲಿ ಕೂರುತ್ತಿದ್ದವರೆಲ್ಲ ಈಗ ಹಿಂದಿನ ಜಗುಲಿಗೇ ಹೋಗುತ್ತಿದ್ದರು.

ಕಾರಣ ಅಲ್ಲಿ ಕೂತಾಗ ತಿಳಿಯಿತು. ಮಿಲ್ಲಿನ ಗುಮಾಸ್ತರು ಎರಡು ತುತ್ತು ತಿಂದರು. ಒಳಗೆ ಒಮ್ಮೆ ನೋಡಿದರು. ಉಳಿದದ್ದನ್ನು ತಟ್ಟೆಯ ಮೇಲೆ ಹಾಸಿದ್ದ ಎಲೆಯ ಸಮೇತ ಮಡಿಸಿ ಜಗುಲಿಯ ಅಂಚಿನಿಂದ ಕೆಳಕ್ಕೆ ಬಿಟ್ಟರು. ನೀರು ಕುದಿದಂತಾಯಿತು. ಮೀನುಗಳು.

"ಚೆನ್ನಾಗಿಲ್ವೇ?" ಎಂದು ಮೆಲ್ಲಗೆ ಕೇಳಿದೆ.

"ಶ್! ಆ ಹೆಣ್ಮಗಳು ನೊಂದ್ಕೋತಾಳೆ ಕಣ್ರೀ. ಇಷ್ಟ್ ವರ್ಷ ಉಣ್ಣಿಸಿದ ಕೈ," ಎಂದು ಬಾಯಿ ಒರೆಸಿಕೊಂಡರು. ಹೊರಡುವಾಗ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಬತ್ತೀನಿ ಗೌರಮ್ಮ, ಇವತ್ತು ಬಾಳ ಚೆನ್ನಾಗಿತ್ತು" ಎಂದರು.

ಶಾಮಣ್ಣನಿಗೆ ಕಾಣುತ್ತಿದ್ದದ್ದು ಖಾಲಿ ತಟ್ಟೆಗಳು ಮತ್ತು ಕೆಳಗಿನ ಮೀನುಗಳು. "ನೋಡಿದ್ರಾ ಅಜ್ಜಂಪುರದೋರೆ, ನಮ್ ಹೋಟ್ಲು ಹಿಂದೆ ಮೀನು ಹೆಂಗ್ ಕೊಬ್ಬಿವೆ! ಎಂಜಲು ನೀರು ಕುಡ್ದೇ ಇಷ್ಟು ದಪ್ಪ ಆಗವೆ" ಎಂದು ಒಮ್ಮೆ ಹೆಮ್ಮೆಯಿಂದ ತೋರಿಸಿದರು.

ಅದೇ ಕಾಲದಲ್ಲಿ ರಾಯರು ಶಿವಮೊಗ್ಗಕ್ಕೆ ಹೋಗುವ ದಾರಿಯಲ್ಲಿ ತರೀಕೆರೆಯಲ್ಲಿ ಇಳಿದರು. ಏರಿ ಹೋಟೆಲನ್ನು ನಾನು ಕಾಗದಗಳಲ್ಲಿ ಹೊಗಳಿದ್ದೆ. ತಿಂಗಳ ಹಿಂದೆ ತಿಂದದ್ದು ನೆನಪಿದ್ದರೂ, ಆ ದಿನ ಸರಿ ಇರಬಹುದೆಂದು ಕರೆದುಕೊಂಡು ಹೋದೆ. ರಾಯರು ಒಂದು ಚಮಚ ತಿಂದು ತಟ್ಟೆ ದೂಡಿದರು.

"ನೀನು ಬರೆದದ್ದು ಹಳೇ ಸುದ್ದಿ ಕಣಯ್ಯ. ಇದು ಹೀಗೆ ಎಷ್ಟು ದಿನದಿಂದ?"

"ಒಂದು ವರ್ಷದ ಮೇಲಾಯಿತು."

"ಮಾಲೀಕನಿಗೆ ಯಾರಾದರೂ ಹೇಳಿದಾರೋ?"

ಯಾರೂ ಹೇಳಿರಲಿಲ್ಲ. ಅವರನ್ನು ರೈಲು ಹತ್ತಿಸಿ ಹಿಂದಕ್ಕೆ ಬಂದು ನಾನೇ ಹೇಳಿದೆ. "ಶಾಮಣ್ಣ, ಎಣ್ಣೆ ಕಮಟಾಗಿದೆ. ಚಟ್ನಿಯೂ ಸರಿಯಿಲ್ಲ. ಒಮ್ಮೆ ನೋಡಿ."

ಅವರ ಮುಖ ಬಿಗಿಯಿತು. "ತಿಂಗ್ಳಿಗೊಂದ್ಸಲ ಬರೋರು ನೀವು. ರಂಗಪ್ಪನೋರು ದಿನಾ ಮೊದಲ್ನೇ ತಟ್ಟೆ ತಿಂತಾರೆ. ಒಂದಿನಾನೂ ಅವ್ರು ಹಂಗಂದಿಲ್ಲ. ಬೆಂಗ್ಳೂರೋರ್ ನಾಲಿಗೆ ನಂಬ್ಕೊಂಡು ನಮ್ ಮನೇವಳ ಕೈಗೆ ಹೆಸರಿಡ್ತೀರಾ?"

ಅಡುಗೆಮನೆಯ ಬಾಗಿಲ ಹಿಂದೆ ಸೆರಗು ಕಂಡಿತು. ಗೌರಮ್ಮ ಕೇಳಿಸಿಕೊಂಡಿದ್ದರು. ಹೊರಗೆ ಬರಲಿಲ್ಲ.

ಮುಚ್ಚಿದ ದಿನದ ವಿವರ ಹೀಗಿದೆ. ನಾನು ಅಜ್ಜಂಪುರದಿಂದ ಮೊದಲ ಬಸ್ಸಿಗೆ ಬಂದಿದ್ದೆ. ನಿಲ್ದಾಣದಲ್ಲಿ ಇಳಿದ ಕೂಡಲೇ, ಹೋಟೆಲಿನಲ್ಲಿ ತಿಂದವರನ್ನು ಗಾಡಿಯಲ್ಲಿ ಆಸ್ಪತ್ರೆಗೆ ಒಯ್ದರೆಂದು ತಿಳಿಯಿತು. ನೇರವಾಗಿ ಆಸ್ಪತ್ರೆಗೆ ಹೋದೆ. ಸಿಂಗಟಗೆರೆಯ ಒಂದು ಕುಟುಂಬ ಹೆಣ್ಣು ನೋಡಲೆಂದು ತರೀಕೆರೆಗೆ ಬಂದಿತ್ತು. ನೆಂಟರ ಮನೆಗೆ ಹೋಗುವ ಮೊದಲು ಏರಿ ಹೋಟೆಲಿನಲ್ಲಿ ಉಪ್ಪಿಟ್ಟು ತಿಂದಿದ್ದರು. ಆರು ಮಂದಿಗೆ ವಾಂತಿ, ನಡುಕ. ವರನ ತಾಯಿ ತಿಮ್ಮಕ್ಕನ ಕೈಕಾಲು ಸೆಟೆದುಕೊಂಡು, ನಾನು ಹೋಗುವ ಹೊತ್ತಿಗೆ ಉಸಿರು ನಿಂತಿತ್ತು. ಹೆಣ ನೋಡಿದೆ. ಹೊಸ ಸೀರೆ, ಮುಡಿಯಲ್ಲಿ ಹೂವು.

ಮಗ ಶಿವಣ್ಣ ಗೋಡೆಗೆ ಒರಗಿ ಕೂತಿದ್ದ. ಅವನಿಗೆ ಏನೂ ಆಗಿರಲಿಲ್ಲ.

"ನೀವು ತಿನ್ನಲಿಲ್ಲವೇ?"

"ಇಲ್ಲ ಸಾ. ಹೊಲಕ್ ಹೊಡೀತಾರಲ್ಲ ಪುಡಿ, ಅದ್ರಂಗೆ ವಾಸ್ನೆ ಬಂತು. ಪಕ್ಕಕ್ಕಿಟ್ಟೆ. ಅವ್ವ ಬೈದ್ಲು. 'ಹೆಣ್ ನೋಡಕ್ ಬಂದೋನು, ಊರೋರ ಮುಂದೆ ಅನ್ನಕ್ಕೆ ಹೆಸರಿಡ್ತಿಯೇನ್ಲಾ? ಕೊಡಿಲ್ಲಿ' ಅಂತ ನಂದೂ ಅವ್ಳೇ ತಿಂದ್ಬಿಟ್ಲು." ಮತ್ತೆ ಅಂದ: "ನಂದೂ ಅವ್ಳೇ ತಿಂದ್ಲು ಸಾ."

ವೈದ್ಯರು ಬೆಳೆಗೆ ಎರಚುವ ಕೀಟನಾಶಕವೆಂದು ಶಂಕಿಸಿದರು. ಅದು ಆಮೇಲೆ ಖಚಿತವಾಯಿತು. ಲಾರಿಯಲ್ಲಿ ರವೆ ಮೂಟೆಯ ಮೇಲೆ ಆ ಪುಡಿಯ ಚೀಲ ಹೇರಿದ್ದರು. ಚೀಲ ಒಡೆದು ಪುಡಿ ರವೆಯೊಳಗೆ ಇಳಿದಿತ್ತು. ಎರಡೂ ಬಿಳಿ. ಕಣ್ಣಿಗೆ ಗೊತ್ತಾಗುವಂಥದ್ದಲ್ಲ. ಬಿಸಿ ಬಾಣಲೆಗೆ ಬಿದ್ದರೆ ಮೂಗಿದ್ದ ಯಾರಿಗಾದರೂ ಗೊತ್ತಾಗುತ್ತಿತ್ತು.

ಆಸ್ಪತ್ರೆಯ ಹಜಾರದಲ್ಲಿ ನಿಂತು ಮಲಗಿದ್ದವರ ಹೆಸರು, ಊರು ಬರೆದುಕೊಂಡೆ. ಬರೆದುಕೊಳ್ಳುವಾಗ ಒಂದು ಸಂಗತಿ ಗಮನಕ್ಕೆ ಬಂತು. ಎಲ್ಲರೂ ಸಿಂಗಟಗೆರೆಯವರು. ತರೀಕೆರೆಯವರು ಒಬ್ಬರೂ ಇರಲಿಲ್ಲ. ಆ ಬೆಳಿಗ್ಗೆ ಅದೇ ಉಪ್ಪಿಟ್ಟನ್ನು ಮೇಷ್ಟರಿಗೆ, ವಕೀಲರಿಗೆ, ಮಿಲ್ಲಿನ ಗುಮಾಸ್ತರಿಗೆ ಬಡಿಸಿದ್ದರು. ಅವರೆಲ್ಲ ಆರೋಗ್ಯವಾಗಿ ಹೋಟೆಲಿನ ಮುಂದೆ ಗುಂಪು ಕೂಡಿ ನಿಂತಿದ್ದರು.

ಹೋಟೆಲಿಗೆ ಹೋದೆ. ಪೊಲೀಸರು ಮುಂಬಾಗಿಲು ಹಾಕಿಸಿದ್ದರು. ಪಕ್ಕದ ಸಂದಿಯಿಂದ ಹಿಂದಕ್ಕೆ ಹೋಗಿ ಜಗುಲಿಯ ಕೆಳಗೆ ನೋಡಿದೆ. ಕಂಬಗಳ ನಡುವೆ ನೀರಿನ ಮೇಲೆ ಎಲೆಗಳು ತೇಲುತ್ತಿದ್ದವು. ಎಲೆಗಳ ಸುತ್ತ ಮೀನುಗಳು ಬಿಳಿ ಹೊಟ್ಟೆ ಮೇಲೆ ಮಾಡಿ ತೇಲುತ್ತಿದ್ದವು. ಊರಿನವರ ಪಾಲಿನ ಉಪ್ಪಿಟ್ಟು ಎಲ್ಲಿಗೆ ಹೋಯಿತೆಂದು ಕೇಳುವ ಅಗತ್ಯ ಉಳಿಯಲಿಲ್ಲ.

ಅಂಚೆ ಕಚೇರಿಯಲ್ಲಿ ರಂಗಪ್ಪ ತಮ್ಮ ಜಾಗದಲ್ಲೇ ಇದ್ದರು. ತಂತಿಯ ಕಾಗದ ಕೊಟ್ಟೆ. ಸತ್ತವರ ಹೆಸರು, ಗಂಡನ ಹೆಸರು, ಊರು, ಅಸ್ವಸ್ಥರ ಸಂಖ್ಯೆ, ತರೀಕೆರೆ ಕೆರೆ ಏರಿ ಹೋಟೆಲು, ವೈದ್ಯರ ಶಂಕೆ, ಪೊಲೀಸರು ಮುಚ್ಚಿಸಿದ್ದು. ಅವರು ಎಂದಿನಂತೆ ಒಮ್ಮೆ ಓದಲಿಲ್ಲ. ಮತ್ತೆ ಮತ್ತೆ ಓದಿದರು.

"ಹೋಟ್ಲು ಹೆಸರು ಬೇಕೇ ಬೇಕಾ?"

"ಪೊಲೀಸರೇ ಮುಚ್ಚಿಸಿದ್ದಾರೆ. ಬಿಟ್ಟರೆ ಊರಿನ ಎಲ್ಲ ಹೋಟೆಲಿನ ಮೇಲೂ ಸಂಶಯ ಬರುತ್ತದೆ."

ಅವರ ಕೈ ಕೀಲಿಯ ಮೇಲಿತ್ತು. ಬಡಿಯಲಿಲ್ಲ.

"ನೀವು ಬೆಳಿಗ್ಗೆ ತಿಂದಿರಾ?" ಎಂದು ಕೇಳಿದೆ.

"ಒಂದು ಚಮಚ ಬಾಯಿಗಿಟ್ಟೆ. ನಾಲಿಗೆ ಮೇಲೇ ಗೊತ್ತಾಯ್ತು. ಉಗಿದು, ಉಳಿದದ್ದು ಕೆರೆಗ್ ಬಿಟ್ಟೆ."

"ಗೌರಮ್ಮನಿಗೆ ಏನು ಹೇಳಿದಿರಿ?"

"ಸರಿ ಇದೆ ಅಂದೆ."

ಆಮೇಲೆ ಕೇಳದೆಯೇ ಹೇಳಿದರು. ಜ್ವರ ಬಿಟ್ಟ ಮೇಲೆ ಗೌರಮ್ಮ ಒಂದು ಬೆಳಿಗ್ಗೆ ಶಾಮಣ್ಣ ಇಲ್ಲದಾಗ ರಂಗಪ್ಪನವರ ಮುಂದೆ ನಿಂತರಂತೆ. "ರಂಗಣ್ಣ, ನನಗೆ ಕರ್ಪೂರ ಹಚ್ಚಿದ್ರೂ ವಾಸ್ನೆ ಗೊತ್ತಾಗ್ತಿಲ್ಲ. ಇವರಿಗೆ ಹೇಳಿದ್ರೆ ಹೋಟ್ಲು ಮುಚ್ತಾರೆ. ಬೇರೆಯವರನ್ನ ಅಡುಗೆಮನೆಗೆ ಬಿಡೋ ಜೀವ ಅಲ್ಲ ಅದು. ಮುಚ್ಚಿದ್ರೆ ನಾವೆಲ್ಲಿಗೆ ಹೋಗೋಣ? ಮೊದಲ್ನೇ ತಟ್ಟೆ ನಿಮ್ದು. ಕೆಟ್ಟಿದ್ರೆ ಕೆಟ್ಟಿದೆ ಅಂತ ಹೇಳ್ಬಿಡಿ, ಚೆಲ್ಲಿ ಬೇರೆ ಮಾಡ್ತೀನಿ."

"ಮೊದಮೊದ್ಲು ಹೇಳ್ದೆ ಕಣ್ರೀ," ಎಂದರು ರಂಗಪ್ಪ. "ಹೇಳಿದಾಗೆಲ್ಲ ಪಾತ್ರೆ ಪೂರ್ತಿ ಚೆಲ್ಲೋರು. ಒಲೆ ಮುಂದೆ ಕೂತು ಸೆರಗಲ್ಲಿ ಕಣ್ಣೊರೆಸ್ಕೊಳ್ಳೋರು. ನೋಡಕ್ಕಾಗ್ತಿರ್ಲಿಲ್ಲ. ಆಮೇಲೆ ಸಣ್ಣಪುಟ್ಟದ್ದು ಬಿಟ್ಟೆ. ಆಮೇಲೆ..."

ಕೀಲಿಯ ಕಡೆ ತಿರುಗಿ ಬಡಿಯಲು ಶುರು ಮಾಡಿದರು. ಹೋಟೆಲಿನ ಹೆಸರು ಬಂದಾಗಲೂ ಕೈ ನಿಲ್ಲಲಿಲ್ಲ. ಮುಗಿಸಿ, ಕಾಗದದ ಮೇಲೆ ಮುದ್ರೆ ಒತ್ತಿ, "ಹೋಯ್ತು" ಎಂದರು.

ಎಂಟು ಸಾಲು ಮಾರನೆಯ ದಿನ ಬಂತು. ಜಗುಲಿಯ ಕೆಳಗೆ ನೋಡಿದ್ದನ್ನೂ ರಂಗಪ್ಪ ಹೇಳಿದ್ದನ್ನೂ ಬರೆದು ಎರಡನೆಯ ವರದಿಯನ್ನು ಟಪಾಲಿನಲ್ಲಿ ಕಳಿಸಿದೆ. ಅದು ಅಚ್ಚಾಗಲಿಲ್ಲ. ಮೊಕದ್ದಮೆ ನಡೆಯುವಾಗ ಇಂಥದ್ದು ಹಾಕಲಾಗದು ಎಂದು ರಾಯರು ಕಾರಣ ತಿಳಿಸಿದರು. ಕಾರಣ ಸರಿಯಾದದ್ದೇ.

ವಿಚಾರಣೆಯಲ್ಲಿ ಗೌರಮ್ಮ ತಮಗೆ ವಾಸನೆ ತಿಳಿಯುವುದಿಲ್ಲವೆಂದು ಎಲ್ಲರ ಮುಂದೆ ಹೇಳಿದರು. ಶಾಮಣ್ಣನಿಗೆ ಅದು ತಿಳಿದದ್ದು ಅಲ್ಲಿಯೇ. ಬೇರೆ ಯಾರಿಗಾದರೂ ಗೊತ್ತಿತ್ತೇ ಎಂದು ಕೇಳಿದ್ದಕ್ಕೆ ಗೌರಮ್ಮ ಇಲ್ಲ ಎಂದರು. ರಂಗಪ್ಪ ಹಿಂದಿನ ಸಾಲಿನಲ್ಲಿ ಕೂತಿದ್ದರು. ಎದ್ದು ನಿಂತರು, ಏನೋ ಹೇಳುವವರಂತೆ. ಗೌರಮ್ಮ ಅವರ ಕಡೆ ನೋಡಲಿಲ್ಲ. ರಂಗಪ್ಪ ಮತ್ತೆ ಕೂತರು. ತಪ್ಪು ಲಾರಿಯವರದೆಂದು ತೀರ್ಮಾನವಾಯಿತು. ಹೋಟೆಲು ತೆರೆಯಲು ಅಡ್ಡಿಯಿರಲಿಲ್ಲ. ತೆರೆಯಲಿಲ್ಲ. ರಂಗಪ್ಪ ಬೇರೆ ಊರಿಗೆ ವರ್ಗ ಕೇಳಿ ಪಡೆದು ಹೋದರು. ಶಾಮಣ್ಣ ಎರಡು ವರ್ಷ ಹಾಸಿಗೆ ಹಿಡಿದು ತೀರಿಕೊಂಡರು. ಆ ಸಾವಿನ ಸುದ್ದಿಯನ್ನು ನಾನು ಎರಡು ಸಾಲಿನಲ್ಲಿ ಕಳಿಸಿದೆ.

ತಿಥಿ ಕಳೆದ ಮೇಲೆ ಒಂದು ದಿನ ಗೌರಮ್ಮನನ್ನು ನೋಡಲು ಹೋದೆ. ಹಿಂದಿನ ಕೋಣೆಯಲ್ಲೇ ಇದ್ದರು. ಬೆಂಚುಗಳನ್ನು ಮಾರಿಯಾಗಿತ್ತು. ಬೇಡವೆಂದರೂ ಕೇಳದೆ ಕಾಫಿ ಮಾಡಿ ತಂದರು. ಜಗುಲಿಯಲ್ಲಿ ನನ್ನ ಎದುರಿಗೆ ನಿಂತುಕೊಂಡರು. ಒಂದು ಗುಟುಕು ಕುಡಿದೆ.

"ಹೇಗಿದೆ?" ಎಂದರು.

ಲೋಟವನ್ನು ಕೆಳಗಿಟ್ಟೆ. "ಹಾಲು ಹಳಸಿದೆ ಗೌರಮ್ಮ. ಹುಳಿಯಾಗಿದೆ."

ಅವರು ಅಳಲಿಲ್ಲ. ಬಾಗಿ ಲೋಟ ತೆಗೆದುಕೊಂಡರು.

"ಇಷ್ಟೇ ಅಲ್ವಾ," ಎಂದರು. "ಹೇಳೋಕೆ ಇಷ್ಟೇ ಅಲ್ವಾ ಇದ್ದಿದ್ದು."

ಜಗುಲಿಯ ಅಂಚಿಗೆ ಹೋಗಿ ಕಾಫಿಯನ್ನು ಕೆರೆಗೆ ಸುರಿದರು. ಸುರಿಯುವ ಮೊದಲೇ, ಅವರ ನೆರಳು ನೀರಿಗೆ ಬಿದ್ದ ಕೂಡಲೇ, ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ಕಾಯುತ್ತಿದ್ದವು.